ಹಿಂದಿನ ಸ್ಪೀಕರ್‌ಗಳಿಗೆ ದನಿ ಬಂದದ್ದು ಹೀಗೆ

ವಿಜಯಪುರದ ನಮ್ಮ ಮನೆಯ ಕಂಪ್ಯೂಟರಿಗೆ 5.1 ಸ್ಪೀಕರ್ ಸೆಟ್ (ಐದು ಸ್ಪೀಕರ್, ಜೊತೆಗೆ ಮಂದ್ರ ದನಿಗೆ ಒಂದು ಸಬ್‌ವೂಫರ್) ಜೋಡಿಸಿದರೆ ಮುಂದಿನ ಎರಡಕ್ಕಷ್ಟೇ ದನಿ, ಉಳಿದವೆಲ್ಲ ಗಪ್‌ಚುಪ್. ಸೆಟ್ಟಿನ ವೈರುಗಳು ಮೂರು: ಹಸಿರು ಮುಂದಿನವಕ್ಕೆ, ಕಪ್ಪು ಹಿಂದಿನವಕ್ಕೆ, ಕಿತ್ತಳೆ ನಡುವಿನ ಸ್ಪೀಕರ್ ಮತ್ತು ಸಬ್‌ವೂಫರಿಗೆ. ಸಿಪಿಯು ಹಿಂದೆ ಇರುವ ತೂತುಗಳೂ ಮೂರೇ, ಆದರೆ ಹಸಿರು, ನೀಲಿ, ಗುಲಾಬಿ. ಇಂಥ ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ನೀಲಿ ತೂತನ್ನೇ ಹಿಂದಿನ ಸ್ಪೀಕರಿಗೆ, ಮೈಕಿನ ಗುಲಾಬಿ ತೂತನ್ನೇ ನಡುವಿನದಕ್ಕೆ ಬಳಸಬಹುದು. ಕಪ್ಪನ್ನು ನೀಲಿಗೆ, ಕಿತ್ತಳೆಯನ್ನು ಗುಲಾಬಿಗೆ ಚುಚ್ಚಿ, ದನಿ ನಿಭಾಯಿಸುವ ಸಾಫ್ಟ್‌ವೇರ್ ಆದ ಆಡಿಯೋ ಡ್ರೈವರಿನಲ್ಲಿ ಹಾಗೆಯೇ ಗುರುತಿಸಿದೆ. ಆಮೇಲೆ ವಿಂಡೋಸ್‌ನ ಸೌಂಡ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಕಾನ್ಫಿಗರ್’ ಒತ್ತಿ 5.1 ಆರಿಸಿ ಟೆಸ್ಟ್ ಮಾಡಿದೆ. ಒಂದೊಂದಾಗಿ ಎಲ್ಲವೂ ನುಡಿದಾಗ ಆದ ಖುಷಿ ಅಷ್ಟಿಷ್ಟಲ್ಲ! ಸ್ಟೀರಿಯೋ ಹಾಡಿಗೆ ಹಿಂದಿನವು ಸುಮ್ಮನಿದ್ದರೆ ಗಾಬರಿ ಬೇಡ, ಅದರಲ್ಲಿರುವುದೇ ಎರಡು ಚಾನೆಲ್. ಮೈಕ್ ಬೇಕಾದರೆ ಸಿಪಿಯು ಮುಂಭಾಗದ ತೂತಿಗೆ ಹಾಕಿ.