ಕಿವಿಯ ಮುಂದುವರಿದ ಕ್ಯಾನ್ಸರ್: ದೊಡ್ಡ ಶಸ್ತ್ರಚಿಕಿತ್ಸೆಗೆ ಮನೆಯವರು ಸಿದ್ಧರಾಗುವ ಬಗೆ

ವಾರಗಟ್ಟಲೆ ಔಷಧಿಯ ಹನಿ ಹಾಕಿದರೂ ಕಿವಿ ಸೋರುವುದು ನಿಲ್ಲದೆ, ಕೀವಿನೊಡನೆ ರಕ್ತ ಬೆರೆತು, ನಿದ್ದೆಗೆಡಿಸುವಂಥ ಆಳದ ನೋವು ಕಾಣಿಸಿಕೊಂಡರೆ, ಬಯಾಪ್ಸಿಯನ್ನು (ಚೂರು ತೆಗೆದು ನಡೆಸುವ ಕ್ಯಾನ್ಸರ್ ಪರೀಕ್ಷೆಯನ್ನು) ಮುಂದೂಡಬಾರದು. ಈ ಕ್ಯಾನ್ಸರ್ ಬಹಳ ಅಪರೂಪವಾದದ್ದು. ಹಳೆಯ ಕಿವಿಸೋರಿಕೆಯಂತೆಯೇ ತೋರುವುದರಿಂದ ಎಷ್ಟೋ ಸಲ ತಡವಾಗಿ ಪತ್ತೆಯಾಗುತ್ತದೆ. ಅದೇ ಬದಿಯ ಮುಖ ಸೊಟ್ಟಗಾದರೆ ರೋಗವನ್ನು ಟಿ4 ಹಂತದ್ದೆಂದೇ, ಅಂದರೆ ಗಡ್ಡೆ ಅತಿ ಹೆಚ್ಚು ಹಬ್ಬಿದ ಹಂತದ್ದೆಂದೇ, ಎಣಿಸುತ್ತಾರೆ.

ಮೂಳೆ ಎಷ್ಟು ಸವೆದಿದೆ ಎಂಬುದನ್ನು ಸಿ.ಟಿ. ಸ್ಕ್ಯಾನ್ ತೋರಿಸಿದರೆ, ಮಿದುಳಿನ ಹೊದಿಕೆಗೆ ಅಥವಾ ಕಿವಿಯ ಮುಂದಿನ ಜೊಲ್ಲುಗ್ರಂಥಿಗೆ ರೋಗ ಹಬ್ಬಿದೆಯೇ ಎಂಬುದನ್ನು ಎಂ.ಆರ್.ಐ. ತಿಳಿಸುತ್ತದೆ, ಆದ್ದರಿಂದ ಎರಡೂ ಬೇಕು. ಕಿವಿ-ಮೂಗು-ಗಂಟಲು, ನರಶಸ್ತ್ರಚಿಕಿತ್ಸೆ, ಪ್ಲಾಸ್ಟಿಕ್ ಸರ್ಜರಿ ಮತ್ತು ವಿಕಿರಣ ಚಿಕಿತ್ಸೆಯ ತಜ್ಞರು ಒಟ್ಟಿಗೆ ಕುಳಿತು ತೀರ್ಮಾನಿಸುವ ಆಸ್ಪತ್ರೆಯನ್ನೇ ಆರಿಸಿಕೊಳ್ಳಿ.

ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲು ಏನೇನು ತೆಗೆಯುತ್ತಾರೆ ಎಂದು ಬಿಡಿಸಿ ಕೇಳಿ. ರೋಗ ಕಿವಿಯ ಕಾಲುವೆಯ ಮಟ್ಟದಲ್ಲಿದ್ದರೆ ಕಾಲುವೆ, ತಮಟೆ ಮತ್ತು ಅದಕ್ಕಂಟಿದ ಸಣ್ಣ ಮೂಳೆಗಳನ್ನು ಒಂದೇ ತುಂಡಾಗಿ ತೆಗೆದು, ಒಳಗಿವಿಯನ್ನೂ ಮುಖದ ನರವನ್ನೂ ಸಾಮಾನ್ಯವಾಗಿ ಉಳಿಸುತ್ತಾರೆ. ರೋಗ ಇನ್ನೂ ಆಳಕ್ಕಿಳಿದಿದ್ದರೆ ಒಳಗಿವಿಯೂ ಹೋಗುತ್ತದೆ: ಆ ಕಿವಿಯ ಕೇಳ್ಮೆ ಶಾಶ್ವತವಾಗಿ ನಿಲ್ಲುತ್ತದೆ, ಕೆಲವು ವಾರ ತಲೆಸುತ್ತು ಕಾಡುತ್ತದೆ. ಮಿದುಳಿಗೆ ರಕ್ತ ಒಯ್ಯುವ ಕ್ಯಾರೋಟಿಡ್ ಧಮನಿಯನ್ನು ಗಡ್ಡೆ ಸುತ್ತುವರಿದಿದ್ದರೆ ಅನೇಕ ತಜ್ಞರು ಶಸ್ತ್ರಚಿಕಿತ್ಸೆಗೆ ಕೈಹಾಕುವುದಿಲ್ಲ. ತೆಗೆದ ಜಾಗವನ್ನು ತುಂಬಲು ತೊಡೆಯಿಂದಲೋ ಬೇರೆಡೆಯಿಂದಲೋ ಮಾಂಸ-ಚರ್ಮವನ್ನು ತಂದು ಕೂರಿಸುವುದುಂಟು.

ಮನೆಗೆ ಬಂದ ಮೇಲೆ ಗಾಯದ ಮೇಲಿರುವ ಗಮನ ಕಣ್ಣಿನ ಮೇಲೂ ಇರಲಿ ಎಂಬುದು ನನ್ನ ಕಳಕಳಿಯ ಮಾತು. ಮುಖದ ನರವನ್ನು ಕಡಿದಿದ್ದರೆ ಆ ಬದಿಯ ರೆಪ್ಪೆ ಪೂರ್ತಿ ಮುಚ್ಚದೆ ಕಣ್ಣು ಒಣಗಿ ಹುಣ್ಣಾಗಬಹುದು, ದೃಷ್ಟಿಯೇ ಹೋಗಬಹುದು. ವೈದ್ಯರು ಹೇಳಿದ ಕೃತಕ ಕಣ್ಣೀರಿನ ಹನಿಗಳನ್ನು ಹಗಲಿನಲ್ಲಿ ಮತ್ತೆ ಮತ್ತೆ ಹಾಕಿ. ರಾತ್ರಿ ಮುಲಾಮು ಹಚ್ಚಿ, ರೆಪ್ಪೆಯನ್ನು ಮುಚ್ಚಿ ಟೇಪು ಅಂಟಿಸಿ. ಹೊರಗೆ ಹೋಗುವಾಗ ಧೂಳು ತಾಗದಂತೆ ಕನ್ನಡಕ ಹಾಕಿಸಿ. ಕಣ್ಣು ಕೆಂಪಾದರೆ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ.

ಮೂಗಿನಿಂದಾಗಲಿ ಗಾಯದಿಂದಾಗಲಿ ನೀರಿನಂಥ ತಿಳಿದ್ರವ ಇಳಿದರೆ ಅದು ಮಿದುಳಿನ ಸುತ್ತಲಿನ ದ್ರವವಾಗಿರಬಹುದು. ಜ್ವರ, ಕತ್ತು ಬಿಗಿತ, ತೀವ್ರ ತಲೆನೋವು ಮಿದುಳುಪೊರೆಯ ಸೋಂಕಿನ ಸೂಚನೆಗಳು. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಮುಂದುವರಿದ ಹಂತದಲ್ಲಿ ವಿಕಿರಣ ಚಿಕಿತ್ಸೆಯೂ ಬೇಕಾಗುತ್ತದೆ. ಗಾಯ ಮಾಗಿದೊಡನೆ, ಶಸ್ತ್ರಚಿಕಿತ್ಸೆಯಾದ 6 ವಾರಗಳೊಳಗೆ ಅದನ್ನು ಆರಂಭಿಸುವುದು ಒಳ್ಳೆಯದು. ಹುಳುಕು ಹಲ್ಲುಗಳಿದ್ದರೆ ಅಷ್ಟರೊಳಗೆ ಚಿಕಿತ್ಸೆ ಮಾಡಿಸಿಬಿಡಿ, ಏಕೆಂದರೆ ವಿಕಿರಣ ತಾಗಿದ ದವಡೆಯಲ್ಲಿ ಹಲ್ಲು ಕಿತ್ತ ಗಾಯ ಸುಲಭವಾಗಿ ಮಾಗುವುದಿಲ್ಲ.