ಮಗುವಿನ ಅಂಗುಳ ಅಗಲಿಸಬೇಕೇ? ನಿರ್ಧಾರಕ್ಕೆ ಬರುವುದು ಹೀಗೆ

ಹುಳುಕು ಹಲ್ಲು ತೋರಿಸಲೆಂದು ಏಳೆಂಟು ವರ್ಷದ ಮಗುವನ್ನು ದಂತವೈದ್ಯರ ಬಳಿ ಕರೆದುಕೊಂಡು ಹೋದವರು ಕೆಲವೊಮ್ಮೆ ಬೇರೊಂದೇ ಚಿಂತೆ ಹೊತ್ತು ಮನೆಗೆ ಬರುತ್ತಾರೆ. ‘ಮೇಲಿನ ದವಡೆ ಕಿರಿದಾಗಿದೆ, ಎಕ್ಸ್‌ಪ್ಯಾಂಡರ್ ಹಾಕಿಸಿ. ಆಮೇಲೆ ಮೂಳೆ ಗಟ್ಟಿಯಾಗಿಬಿಡುತ್ತೆ’ ಎಂದು ಡಾಕ್ಟರ್ ಹೇಳಿರುತ್ತಾರೆ. ಎಕ್ಸ್‌ಪ್ಯಾಂಡರ್ ಅಂದರೆ ಮೇಲಿನ ಹಲ್ಲುಗಳಿಗೆ ಕೂರಿಸಿ ಅಂಗುಳ ಅಗಲಿಸುವ ಸಾಧನ. ಡಾಕ್ಟರ ಮಾತು ಸುಳ್ಳಲ್ಲ. ಮೂಳೆ ಗಟ್ಟಿಯಾಗುವುದು ನಿಜ, ಆದರೆ ಬರುವ ತಿಂಗಳೇ ಆಗುವುದಿಲ್ಲ. ಅಂಗುಳ ಅಗಲಿಸುವುದರಿಂದ ಕೆಲವು ಮಕ್ಕಳಿಗೆ ನಿಜಕ್ಕೂ ದೊಡ್ಡ ಉಪಕಾರವಾಗುತ್ತದೆ. ಇನ್ನು ಕೆಲವರಿಗೆ ಅದರ ಅಗತ್ಯವೇ ಇರುವುದಿಲ್ಲ. ನಿಮ್ಮ ಮಗು ಯಾವ ಗುಂಪಿಗೆ ಸೇರಿದ್ದು ಎಂದು ತಿಳಿದುಕೊಂಡ ಮೇಲೆಯೇ ಹೂಂ ಅನ್ನಿ.

ಸಾಧನ ಮಾಡುವ ಕೆಲಸ

ಮೇಲಿನ ದವಡೆ ಒಂದೇ ಮೂಳೆಯಲ್ಲ. ಎಡ, ಬಲ ಎರಡು ಭಾಗಗಳು ಅಂಗುಳದ ನಡುಗೆರೆಯಲ್ಲಿ ಬಂದು ಸೇರುತ್ತವೆ. ಬಾಲ್ಯದಲ್ಲಿ ಈ ಸೇರುಗೆರೆ ಸಡಿಲವಾಗಿರುತ್ತದೆ. ಹರೆಯ ಕಳೆಯುತ್ತಾ ಬಂದಂತೆ ಎರಡು ಬಾಚಣಿಗೆಗಳ ಹಲ್ಲುಗಳು ಒಂದರೊಳಗೊಂದು ಸಿಕ್ಕಿಕೊಂಡ ಹಾಗೆ ಬಿಗಿಯಾಗುತ್ತದೆ. ಎಕ್ಸ್‌ಪ್ಯಾಂಡರ್‌ನ ನಡುವೆ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಒಂದು ಸಲ ಕೀಲಿ ತಿರುಗಿಸಿದರೆ ಸುಮಾರು ಕಾಲು ಮಿಲಿಮೀಟರ್ ಹಿಗ್ಗುತ್ತದೆ. ಹೀಗೆ ದಿನವೂ ಹಿಗ್ಗಿಸುತ್ತಾ ಹೋದಾಗ ನಡುಗೆರೆ ಬಿಟ್ಟುಕೊಳ್ಳುತ್ತದೆ, ಆ ಸಂದಿನಲ್ಲಿ ನಿಧಾನವಾಗಿ ಹೊಸ ಮೂಳೆ ತುಂಬಿಕೊಳ್ಳುತ್ತದೆ.

ಇದು ಹೊಸ ಫ್ಯಾಷನ್ ಏನಲ್ಲ. 1860ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದ ದಂತವೈದ್ಯ ಎಮರ್ಸನ್ ಏಂಜೆಲ್, 14 ವರ್ಷದ ಹುಡುಗಿಯೊಬ್ಬಳ ಅಂಗುಳವನ್ನು ಸ್ಕ್ರೂ ಇಟ್ಟು ಅಗಲಿಸಿದ್ದನ್ನು ಬರೆದಿದ್ದರು. ಅಂದಿನ ಅನೇಕರು ನಂಬಲಿಲ್ಲ. ಸುಮಾರು ನೂರು ವರ್ಷದ ನಂತರ, 1961ರಲ್ಲಿ ಅಮೆರಿಕದ ವಕ್ರದಂತ ತಜ್ಞ ಆಂಡ್ರ್ಯೂ ಹಾಸ್ ತಮ್ಮ ಕೆಲಸವನ್ನು ಪ್ರಕಟಿಸಿದ ಮೇಲೆ ಈ ಚಿಕಿತ್ಸೆ ಮತ್ತೆ ಬಳಕೆಗೆ ಬಂತು.

ಏಂಜೆಲ್‌ ಅವರ ರೋಗಿಯ ವಯಸ್ಸು ಗಮನಿಸಿ. ಏಳೆಂಟು ವರ್ಷಕ್ಕೆ ಮಾಡದಿದ್ದರೆ ಬಾಗಿಲು ಮುಚ್ಚಿತು ಎಂದಲ್ಲ. ಹನ್ನೊಂದು, ಹನ್ನೆರಡಕ್ಕೂ ಸಾಮಾನ್ಯವಾಗಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಹೆಣ್ಣುಮಕ್ಕಳು ಬೇಗ ಬೆಳೆಯುವುದರಿಂದ ಅವರ ವಿಷಯದಲ್ಲಿ ಸ್ವಲ್ಪ ಮುಂಚೆ ಎಚ್ಚರವಿರಬೇಕು, ಅಷ್ಟೆ. ಹದಿನಾರು, ಹದಿನೇಳು ದಾಟಿದ ಮೇಲೆ ಮಾತ್ರ ಕಷ್ಟ. ಆಗ ಅಂಗುಳದ ಮೂಳೆಗೇ ಮಿನಿಸ್ಕ್ರೂ ಹಾಕಬೇಕಾಗಬಹುದು, ಇಲ್ಲವೇ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಮೊದಲು ಮನೆಯಲ್ಲಿ ನೋಡಿ

ಮಗುವನ್ನು ಬೆಳಕಿಗೆ ಕೂರಿಸಿ, ಮೊಬೈಲ್ ಟಾರ್ಚ್ ಹಿಡಿಯಿರಿ. ಹಿಂದಿನ ದವಡೆ ಹಲ್ಲುಗಳನ್ನು ಕಚ್ಚಿಕೊಂಡು ‘ಈ’ ಅನ್ನಲು ಹೇಳಿ, ಬೆರಳಿನಿಂದ ಕೆನ್ನೆಯನ್ನು ಪಕ್ಕಕ್ಕೆ ಎಳೆಯಿರಿ. ಮೇಲಿನ ಹಲ್ಲುಗಳು ಕೆಳಗಿನವನ್ನು ಹೊರಗಿನಿಂದ ಮುಚ್ಚಿದಂತೆ ಕೂರಬೇಕು. ಅದರ ಬದಲು ಕೆಳಗಿನ ಹಲ್ಲೇ ಹೊರಗೆ, ಮೇಲಿನದು ಒಳಗೆ ಕೂತಿದ್ದರೆ ಅದನ್ನು ಕ್ರಾಸ್‌ಬೈಟ್ ಅನ್ನುತ್ತಾರೆ. ಒಂದೇ ಬದಿಯೋ ಎರಡೂ ಬದಿಯೋ ನೋಡಿಕೊಳ್ಳಿ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಮುಖ್ಯ. ಬಾಯಿ ಅಗಲವಾಗಿ ತೆರೆಸಿ, ನಿಧಾನವಾಗಿ ಮುಚ್ಚಿಸಿ. ಹಲ್ಲು ಹಲ್ಲಿಗೆ ಮೊದಲು ತಾಗಿದ ಮೇಲೆ ಕೆಳದವಡೆ ಪಕ್ಕಕ್ಕೆ ಸರಿದು ಕೂರುತ್ತದೆಯೇ? ಗದ್ದ ಮೂಗಿನ ನೇರಕ್ಕಿಲ್ಲದೆ ಒಂದು ಕಡೆ ವಾಲುತ್ತದೆಯೇ? ಮೇಲಿನ ದವಡೆ ಕಿರಿದಾದಾಗ ಹಲ್ಲುಗಳು ಎದುರುಬದುರಾಗಿ ಬಡಿಯುತ್ತವೆ. ಸರಿಯಾಗಿ ಕಚ್ಚಲು ಮಗು ತನಗೇ ತಿಳಿಯದಂತೆ ದವಡೆಯನ್ನು ಒಂದು ಪಕ್ಕಕ್ಕೆ ಜಾರಿಸುತ್ತದೆ. ವರ್ಷಗಟ್ಟಲೆ ಹೀಗೇ ಬೆಳೆದರೆ ಮುಖದ ಎರಡು ಬದಿ ಒಂದೇ ಸಮ ಬೆಳೆಯದೆ ಹೋಗಬಹುದು. ಈ ಜಾರುವಿಕೆ ಕಂಡರೆ ತಡಮಾಡಬೇಡಿ. ಅಂಗುಳ ಅಗಲಿಸಲು ಇದಕ್ಕಿಂತ ಸ್ಪಷ್ಟ ಕಾರಣ ಮತ್ತೊಂದಿಲ್ಲ. ತೆರೆದು ಮುಚ್ಚುವುದನ್ನು ವಿಡಿಯೊ ಮಾಡಿಟ್ಟುಕೊಂಡರೆ ವೈದ್ಯರಿಗೆ ತೋರಿಸಲು ಅನುಕೂಲ.

ಹೆದರಬೇಕಿಲ್ಲದ ಸಂಗತಿಗಳೂ ಇವೆ. ಎಂಟೊಂಬತ್ತು ವರ್ಷಕ್ಕೆ ಮೇಲಿನ ಬಾಚಿಹಲ್ಲುಗಳ ನಡುವೆ ಸಂದು ಬಿಟ್ಟು, ಹಲ್ಲು ಹೊರಚಾಚಿದಂತೆ ಕಾಣುವುದು ಸಹಜ. ಕೋರೆಹಲ್ಲು ಇಳಿದಾಗ ಬಹಳಷ್ಟು ಮಕ್ಕಳಲ್ಲಿ ಅದು ತಾನಾಗಿ ಕೂಡಿಕೊಳ್ಳುತ್ತದೆ. ಕೆಳಗಿನ ಮುಂದಿನ ಹಲ್ಲು ಚೂರು ಒತ್ತೊತ್ತಾಗಿ ಬರುವುದೂ ಅಷ್ಟೇ ಸಹಜ. ಬರೀ ಹಲ್ಲು ಒತ್ತಾಗಿದೆ ಎಂಬ ಕಾರಣಕ್ಕೆ, ಕ್ರಾಸ್‌ಬೈಟ್ ಇಲ್ಲದ ಮಗುವಿಗೆ ಎಕ್ಸ್‌ಪ್ಯಾಂಡರ್ ಹೇಳಿದರೆ ಅಲ್ಲಿ ಸ್ವಲ್ಪ ನಿಲ್ಲಿ. ಅದು ಎಲ್ಲ ತಜ್ಞರೂ ಒಪ್ಪುವ ವಿಷಯವಲ್ಲ.

ಕಾರಣ ಹುಡುಕಿ

ಮಗು ಇನ್ನೂ ಹೆಬ್ಬೆರಳು ಚೀಪುತ್ತಿದೆಯೇ? ರಾತ್ರಿ ಬಾಯಿ ತೆರೆದು ಮಲಗುತ್ತದೆಯೇ? ಬೆರಳು ಬಾಯಲ್ಲಿದ್ದಾಗ ಕೆನ್ನೆ ಒಳಗೆ ಒತ್ತುತ್ತದೆ, ನಾಲಗೆ ಕೆಳಗಿಳಿಯುತ್ತದೆ, ಮೇಲಿನ ದವಡೆಗೆ ಒಳಗಿನಿಂದ ಸಿಗಬೇಕಾದ ಆಸರೆ ತಪ್ಪುತ್ತದೆ. ಚಟ ಬಿಡಿಸದೆ ದವಡೆ ಅಗಲಿಸಿದರೆ ಅದು ಮತ್ತೆ ಕಿರಿದಾಗುವ ಸಂಭವವೇ ಹೆಚ್ಚು. ಬೇವಿನೆಣ್ಣೆ ಹಚ್ಚುವುದು, ಬೈಯುವುದು, ನೆಂಟರ ಮುಂದೆ ನಾಚಿಸುವುದು ಬೇಡ. ಏಳು ವರ್ಷದ ಮಗುವಿಗೆ ಕನ್ನಡಿ ಕೊಟ್ಟು ಹಲ್ಲು ತೋರಿಸಿ ವಿವರಿಸಿದರೆ ಅರ್ಥವಾಗುತ್ತದೆ.

ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುವುದು ಇದ್ದರೆ ಮೊದಲು ಹೋಗಬೇಕಾದ್ದು ಕಿವಿ ಮೂಗು ಗಂಟಲು ತಜ್ಞರ ಬಳಿ. ಮಕ್ಕಳಲ್ಲಿ ಇದಕ್ಕೆ ಸಾಮಾನ್ಯ ಕಾರಣ ದೊಡ್ಡದಾದ ಅಡಿನಾಯ್ಡ್ (ಮೂಗಿನ ಹಿಂಭಾಗದ ಗ್ರಂಥಿ) ಮತ್ತು ಟಾನ್ಸಿಲ್. ಅಂಗುಳ ಅಗಲಿಸಿದರೆ ಉಸಿರಾಟ ಸರಿಹೋಗುತ್ತೆ, ಓದಿನಲ್ಲಿ ಗಮನ ಬರುತ್ತೆ ಎಂದೆಲ್ಲ ರೀಲ್ಸ್‌ಗಳಲ್ಲಿ ಹೇಳುವವರು ಹೆಚ್ಚಾಗಿದ್ದಾರೆ. ಮೂಗಿನ ದಾರಿ ಸ್ವಲ್ಪ ಅಗಲವಾಗುವುದುಂಟು, ಅಂಗುಳ ಕಿರಿದಾದ ಕೆಲವು ಮಕ್ಕಳಿಗೆ ಸಹಾಯವೂ ಆಗಬಹುದು. ಆದರೆ ಹಲ್ಲು, ದವಡೆಗಳ ದೃಷ್ಟಿಯಿಂದ ಅಗತ್ಯವಿಲ್ಲದ ಮಗುವಿಗೆ ನಿದ್ದೆಯ ಉಸಿರುಗಟ್ಟುವಿಕೆ ತಡೆಯಲೆಂದು ಇದನ್ನು ಹಾಕಬಾರದು ಎಂದು ಅಮೆರಿಕದ ಆರ್ಥೊಡಾಂಟಿಸ್ಟರ (ವಕ್ರದಂತ ತಜ್ಞರ) ಸಂಘವೇ 2019ರ ತನ್ನ ಶ್ವೇತಪತ್ರದಲ್ಲಿ ಹೇಳಿದೆ. ಮಗುವಿನ ಉಸಿರಿನ ಹೆಸರಿನಲ್ಲಿ ತಂದೆತಾಯಿಯನ್ನು ಹೆದರಿಸಿ ಸಾಧನ ಮಾರುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ.

ಯಾರ ಬಳಿ ಹೋಗಬೇಕು

ಬಿಡಿಎಸ್ ನಂತರ ಮೂರು ವರ್ಷ ಆರ್ಥೊಡಾಂಟಿಕ್ಸ್‌ನಲ್ಲಿ ಎಂಡಿಎಸ್ ಮಾಡಿದವರು ವಕ್ರದಂತ ತಜ್ಞರು. ಮಕ್ಕಳ ದಂತ ತಜ್ಞರೂ ಈ ಚಿಕಿತ್ಸೆ ಮಾಡುತ್ತಾರೆ. ಬೋರ್ಡಿನ ಮೇಲೆ ಪದವಿ ಓದಿ, ಕೇಳಿ. ಮಕ್ಕಳಿಗೆ ಏಳು ವರ್ಷದ ಹೊತ್ತಿಗೆ ಒಮ್ಮೆ ಇಂಥ ತಪಾಸಣೆ ಮಾಡಿಸಿ ಎಂಬ ಸಲಹೆ ಇದೆ. ತಪಾಸಣೆ ಮಾಡಿಸಿದರೆ ಚಿಕಿತ್ಸೆ ಶುರುಮಾಡಲೇಬೇಕು ಎಂದೇನಿಲ್ಲ.

ಖರ್ಚಿನ ಚಿಂತೆ ಇದ್ದರೆ ದಂತ ವೈದ್ಯಕೀಯ ಕಾಲೇಜುಗಳನ್ನು ಮರೆಯಬೇಡಿ. ಬೆಂಗಳೂರಿನಲ್ಲೂ ಬಳ್ಳಾರಿಯಲ್ಲೂ ಸರ್ಕಾರಿ ಕಾಲೇಜುಗಳಿವೆ. ದಾವಣಗೆರೆ, ಧಾರವಾಡ, ಬೆಳಗಾವಿ, ಮೈಸೂರು, ಮಂಗಳೂರು, ಮಣಿಪಾಲಗಳಲ್ಲಿ ಖಾಸಗಿ ಕಾಲೇಜುಗಳಿವೆ. ಪಿಜಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಉಸ್ತುವಾರಿಯಲ್ಲಿ ನೋಡುತ್ತಾರೆ, ಸಾಲಿನಲ್ಲಿ ಕಾಯಬೇಕಾಗುತ್ತದೆ, ಖರ್ಚು ಖಾಸಗಿ ಕ್ಲಿನಿಕ್ಕಿಗಿಂತ ಸಾಮಾನ್ಯವಾಗಿ ಕಡಿಮೆ. ಊರಿನಿಂದ ಬಸ್ಸಿನಲ್ಲಿ ಬಂದುಹೋಗುವವರು ಎಷ್ಟು ಸಲ ಬರಬೇಕು ಎಂದು ಮೊದಲೇ ಕೇಳಿಕೊಳ್ಳಿ.

ಸೀಳುತುಟಿ, ಸೀಳು ಅಂಗುಳದೊಂದಿಗೆ ಹುಟ್ಟಿದ ಮಕ್ಕಳ ಲೆಕ್ಕವೇ ಬೇರೆ. ಅವರಲ್ಲಿ ವಸಡಿನ ಸೀಳಿಗೆ ಮೂಳೆ ತುಂಬುವ ಶಸ್ತ್ರಚಿಕಿತ್ಸೆಗೆ ಮುನ್ನ ದವಡೆ ಅಗಲಿಸುವುದು ಚಿಕಿತ್ಸೆಯ ಒಂದು ಹಂತವೇ ಆಗಿರುತ್ತದೆ. ಅದನ್ನು ಸೀಳು ಅಂಗುಳದ ತಂಡವಿರುವ ಆಸ್ಪತ್ರೆಯಲ್ಲೇ ನಿರ್ಧರಿಸಬೇಕು.

ಕೇಳಲೇಬೇಕಾದ ಪ್ರಶ್ನೆ

‘ಇನ್ನೊಂದು ವರ್ಷ ಕಾದರೆ ಏನಾಗುತ್ತೆ, ಡಾಕ್ಟ್ರೇ?’ ಉಳಿದೆಲ್ಲ ಮರೆತರೂ ಇದೊಂದನ್ನು ಕೇಳಿ. ಕ್ರಾಸ್‌ಬೈಟ್ ಇದ್ದು ದವಡೆ ಜಾರುತ್ತಿದ್ದರೆ ಒಳ್ಳೆಯ ವೈದ್ಯರು ಕನ್ನಡಿಯಲ್ಲೋ ಫೋಟೋದಲ್ಲೋ ಅದನ್ನು ತೋರಿಸಿ, ಕಾಯುವುದರಿಂದ ಆಗುವ ನಷ್ಟವನ್ನು ನಿಮ್ಮ ಮಗುವಿನ ಬಾಯಿಯನ್ನೇ ಮುಂದಿಟ್ಟು ವಿವರಿಸುತ್ತಾರೆ. ‘ಕಾಯಬಹುದು, ಆರು ತಿಂಗಳಿಗೊಮ್ಮೆ ತೋರಿಸಿ’ ಅಂದರೆ ಅದೂ ಒಳ್ಳೆಯ ಉತ್ತರವೇ. ‘ಇವತ್ತೇ ಅಡ್ವಾನ್ಸ್ ಕಟ್ಟಿದರೆ ಡಿಸ್ಕೌಂಟ್’ ಎಂಬುದು ಉತ್ತರವಲ್ಲ. ಹಾಗೆ ಕೇಳಿಸಿಕೊಂಡರೆ ಎಕ್ಸ್‌ರೇ ಪ್ರತಿ ಇಸಿದುಕೊಂಡು ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಆ ಪ್ರತಿ ಕೇಳಲು ಸಂಕೋಚಪಡಬೇಡಿ.

ಅದರ ಜೊತೆಗೆ, ಮುಂದೆ ಹಲ್ಲಿಗೆ ಕ್ಲಿಪ್ ಹಾಕಿಸುವುದು ತಪ್ಪುತ್ತದೆಯೇ ಎಂದು ಕೇಳಿ. ಬಹಳ ಮಕ್ಕಳಿಗೆ ತಪ್ಪುವುದಿಲ್ಲ. ಎಲ್ಲ ಹಾಲುಹಲ್ಲು ಬಿದ್ದ ಮೇಲೆ ಎರಡನೇ ಸುತ್ತು ಇರುತ್ತದೆ. ಎರಡೂ ಸುತ್ತಿನ ಅಂದಾಜು ಖರ್ಚನ್ನು ಬರೆಸಿಕೊಳ್ಳಿ. ಸಾಧನ ಸಡಿಲವಾದರೆ ಮತ್ತೆ ಅಂಟಿಸಲು ಬೇರೆ ದುಡ್ಡೇ ಎಂಬುದನ್ನೂ ಸೇರಿಸಿ.

ಅಂಟಿಸುವ ಸಾಧನವೋ ತೆಗೆದು ಹಾಕುವ ಪ್ಲೇಟೋ ಎಂಬುದನ್ನು ವೈದ್ಯರಿಗೆ ಬಿಡಿ. ಆದರೆ ನಿಮ್ಮ ಮಗುವಿನ ಸ್ವಭಾವ ಹೇಳಿ. ತೆಗೆಯುವ ಪ್ಲೇಟ್ ಬಾಯಿಗಿಂತ ಹೆಚ್ಚು ಹೊತ್ತು ಸ್ಕೂಲ್ ಬ್ಯಾಗಿನಲ್ಲೇ ಇರುವಂತಾದರೆ ಪ್ರಯೋಜನವಿಲ್ಲ.

ಹಾಕಿಸಿದ ಮೇಲೆ, ಮನೆಯಲ್ಲಿ

ಮೊದಲು ದವಡೆ ಹಲ್ಲುಗಳ ಸಂದಿಗೆ ರಬ್ಬರ್ ಉಂಗುರ ಸಿಕ್ಕಿಸುತ್ತಾರೆ. ಕೆಲವು ದಿನದ ಮೇಲೆ ಅಳತೆ ತೆಗೆದು, ಲ್ಯಾಬಿನಿಂದ ಸಾಧನ ಬಂದ ಮೇಲೆ ಅಂಟಿಸುತ್ತಾರೆ. ಚುಚ್ಚುಮದ್ದು ಬೇಕಿಲ್ಲ.

ಕೀಲಿ ತಿರುಗಿಸುವ ಕೆಲಸ ನಿಮ್ಮದು. ಮೊದಲ ಸಲ ಕ್ಲಿನಿಕ್‌ನಲ್ಲಿ ವೈದ್ಯರ ಎದುರಿಗೇ ನೀವು ತಿರುಗಿಸಿ ತೋರಿಸಿ. ಮನೆಯಲ್ಲಿ ಮಗುವನ್ನು ಮಂಚದ ಮೇಲೆ ಅಂಗಾತ ಮಲಗಿಸಿ, ತಲೆ ನಿಮ್ಮ ತೊಡೆಯ ಮೇಲಿರಲಿ, ಇನ್ನೊಬ್ಬರು ಟಾರ್ಚ್ ಹಿಡಿಯಲಿ. ಕೀಲಿಗೆ ಗಟ್ಟಿ ದಾರ ಕಟ್ಟಿ, ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳಿ, ಕೈಜಾರಿದರೂ ಗಂಟಲಿಗೆ ಹೋಗುವುದಿಲ್ಲ. ಸ್ಕ್ರೂವಿನ ಮುಂಭಾಗದ ರಂಧ್ರದಲ್ಲಿ ಕೀಲಿ ಕೂರಿಸಿ, ಗಂಟಲಿನ ಕಡೆಗೆ ನಿಧಾನವಾಗಿ ತಳ್ಳಿ. ಮುಂದೆ ಹೊಸ ರಂಧ್ರ ಪೂರ್ತಿ ಕಾಣುವವರೆಗೆ ತಳ್ಳಬೇಕು. ಅರ್ಧಕ್ಕೆ ಬಿಟ್ಟರೆ ಮಾರನೆಯ ದಿನ ಕೀಲಿ ಹಾಕಲು ರಂಧ್ರವೇ ಸಿಗುವುದಿಲ್ಲ. ಕೀಲಿ ತೆಗೆಯುವಾಗ ಮುಂದಕ್ಕೆ ಎಳೆದರೆ ಸ್ಕ್ರೂ ಹಿಂದಕ್ಕೆ ತಿರುಗುತ್ತದೆ. ಹಿಂದಕ್ಕೆ, ಕೆಳಕ್ಕೆ ಜಾರಿಸಿ ಹೊರತೆಗೆಯಿರಿ. ತಿರುಗಿಸಿದ ದಿನಕ್ಕೆಲ್ಲ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಒಂದು ದಿನ ತಪ್ಪಿದರೆ ಮರುದಿನ ಎರಡು ಸಲ ತಿರುಗಿಸಿ ಸರಿದೂಗಿಸಬೇಡಿ, ಫೋನ್ ಮಾಡಿ ಕೇಳಿ.

ವೇಗದ ವಿಧಾನದಲ್ಲಿ ಸಾಮಾನ್ಯವಾಗಿ ದಿನಕ್ಕೆ ಒಂದೋ ಎರಡೋ ಸಲ, ಎರಡು ಮೂರು ವಾರ. ನಿಧಾನದ ವಿಧಾನದಲ್ಲಿ ವಾರಕ್ಕೆ ಒಂದೆರಡು ಸಲ. ತಿರುಗಿಸಿದ ಕೆಲವು ನಿಮಿಷ ಹಲ್ಲು, ಮೂಗಿನ ಬುಡದಲ್ಲಿ ಒತ್ತಿದಂತಾಗುತ್ತದೆ. ಬೇಕಾದರೆ ತೂಕಕ್ಕೆ ತಕ್ಕಷ್ಟು ಪ್ಯಾರಾಸಿಟಮಾಲ್ ಸಾಕು. ಜೋರು ನೋವು, ವಸಡಿನ ಊತ, ಸಾಧನ ಅಲುಗಾಡುವುದು ಕಂಡರೆ ತಿರುಗಿಸುವುದನ್ನು ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಕೆಲವು ದಿನಗಳಲ್ಲಿ ಮುಂದಿನ ಎರಡು ಬಾಚಿಹಲ್ಲುಗಳ ನಡುವೆ ದೊಡ್ಡ ಸಂದು ಬೀಳಬಹುದು. ಮನೆಯ ಹಿರಿಯರು ಗಾಬರಿಯಾಗುತ್ತಾರೆ, ಅವರಿಗೆ ಮೊದಲೇ ಹೇಳಿಟ್ಟಿರಿ. ನಡುಗೆರೆ ಬಿಟ್ಟುಕೊಂಡಿದೆ ಎಂಬುದಕ್ಕೆ ಅದೇ ಸಾಕ್ಷಿ. ಮುಂದಿನ ತಿಂಗಳುಗಳಲ್ಲಿ ಸಂದು ಹೆಚ್ಚಾಗಿ ತಾನೇ ಕೂಡಿಕೊಳ್ಳುತ್ತದೆ.

ಮಾತು ಮೊದಲ ವಾರ ತೊದಲುತ್ತದೆ. ನಾಲಗೆ ಅಂಗುಳಕ್ಕೆ ತಾಗಬೇಕಾದ ಟ, ಣ, ಳ ಅಕ್ಷರಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ದಿನಾ ಪಾಠದ ಒಂದು ಪುಟ ಜೋರಾಗಿ ಓದಿಸಿ. ಪರೀಕ್ಷೆ, ಶಾಲಾ ವಾರ್ಷಿಕೋತ್ಸವದ ನಾಟಕ ಹತ್ತಿರವಿದ್ದರೆ ಮುಗಿದ ಮೇಲೆ ಹಾಕಿಸಿ, ಬೇಸಿಗೆ ರಜೆ ಒಳ್ಳೆಯ ಕಾಲ. ಶಿಕ್ಷಕರಿಗೆ ಒಂದು ಚೀಟಿ ಬರೆದುಕೊಡಿ.

ಊಟದಲ್ಲಿ ಗಂಜಿ, ಮೊಸರನ್ನ, ಇಡ್ಲಿ, ಮೆತ್ತಗೆ ಕಲಸಿದ ಉಪ್ಪಿಟ್ಟು ಮೊದಲ ದಿನಗಳಿಗೆ ಸರಿ. ರಾಗಿಮುದ್ದೆ ನುಂಗುವ ಅಭ್ಯಾಸವಿರುವ ಮಗುವಿಗೆ ಚಿಕ್ಕ ಚಿಕ್ಕ ತುತ್ತು ಕೊಡಿ. ಸಾಧನ ಇರುವಷ್ಟು ಕಾಲ ಚಕ್ಕುಲಿ, ಕೋಡುಬಳೆ, ಚಿಕ್ಕಿ, ಚೂಯಿಂಗ್ ಗಮ್ ಬೇಡ. ಸಂಕ್ರಾಂತಿ ನಡುವೆ ಬಂದರೆ ಕಬ್ಬು ಮತ್ತು ಸಕ್ಕರೆ ಅಚ್ಚು ದೂರವಿಡಿ. ಸಾಧನದ ಮೇಲೆ, ಅಂಗುಳಕ್ಕೂ ಅದಕ್ಕೂ ನಡುವೆ ಅನ್ನದಗುಳು ಸಿಕ್ಕಿಕೊಳ್ಳುತ್ತದೆ. ಸೂಜಿ ಇಲ್ಲದ ಸಿರಿಂಜಿನಲ್ಲಿ ನೀರು ಚಿಮ್ಮಿಸಿ ತೆಗೆಯಿರಿ. ರಾತ್ರಿ ಹಲ್ಲುಜ್ಜುವುದನ್ನು ಮಗುವಿಗೇ ಬಿಡದೆ ನೀವೇ ಮುಗಿಸಿ. ಅಂಟಿಸಿದ ಪಟ್ಟಿಯ ಅಂಚಿನಲ್ಲೇ ಹುಳುಕು ಶುರುವಾಗುವುದು.

ತಿರುಗಿಸುವುದು ಮುಗಿದ ಕೂಡಲೇ ಸಾಧನ ತೆಗೆಯುವುದಿಲ್ಲ. ಹೊಸ ಮೂಳೆ ಗಟ್ಟಿಯಾಗಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು ಅದು ಹಾಗೇ ಬಾಯಲ್ಲಿರಬೇಕು. ಮದುವೆ, ಜಾತ್ರೆ ಅಂತ ಮುಂಚೆ ತೆಗೆಸಬೇಡಿ, ದವಡೆ ಹಿಂದಕ್ಕೆ ಬರುತ್ತದೆ. ಇದೇ ಕಾರಣಕ್ಕೆ ವೈದ್ಯರು ಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚೇ ಅಗಲಿಸಿರುತ್ತಾರೆ. ತೆಗೆದ ಮೇಲೆ ರಾತ್ರಿ ಹಾಕಿಕೊಳ್ಳಲು, ಅಗಲವನ್ನು ಹಿಡಿದಿಡುವ ರಿಟೇನರ್ ಪ್ಲೇಟ್ ಬೇಕೇ ಎಂದು ಅಂದೇ ಕೇಳಿ, ಬೇಕೆಂದರೆ ಅದರ ಅಳತೆಯನ್ನೂ ಅಂದೇ ಕೊಟ್ಟು ಬನ್ನಿ. ಅಲ್ಲಿಂದ ಮುಂದೆ, ಕೋರೆಹಲ್ಲು ಬರುವವರೆಗೆ, ಆರು ತಿಂಗಳಿಗೊಮ್ಮೆ ತೋರಿಸಿದರೆ ಸಾಕು.