ಮಳೆಗಾಲದ ಪಾಲಕ್‌ಗೆ ಮೀನಿನ ಪೆಟ್ಟಿಗೆ

ನಮ್ಮ ತೀರ್ಥಹಳ್ಳಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊಪ್ಪು ಬೆಳೆಯುವುದು ಎಂದರೆ ಮಳೆಯ ಜೊತೆ ಗುದ್ದಾಟ. ಹಾಕಿದ ಬೀಜ ಕೊಚ್ಚಿಕೊಂಡು ಹೋಗುತ್ತದೆ. ಉಳಿದ ಸಸಿ ಕೊಳೆಯುತ್ತದೆ. ಅದನ್ನೂ ದಾಟಿದ್ದನ್ನು ರಾತ್ರಿ ಬಸವನಹುಳು ತಿಂದು ಮುಗಿಸುತ್ತದೆ. ಕೆಸುವು, ಒಂದೆಲಗ ತಾವಾಗಿ ಬರುತ್ತವೆ ನಿಜ. ಆದರೆ ಪಾಲಕ್ ಬೇಕು ಅಂದರೆ ಪೇಟೆಗೇ ಹೋಗಬೇಕು. ಮೂರು ವರ್ಷದ ಹಿಂದೆ, ಜಗಲಿಯಲ್ಲೇ ನೀರಿನಲ್ಲಿ ಬೆಳೆಯೋಣ ಅಂತ ಶುರು ಮಾಡಿದೆ.

ಮೊದಲು ಮಾಡಿದ್ದು ಪಿವಿಸಿ ಪೈಪಿನದು. ಪೈಪಿಗೆ ತೂತು ಕೊರೆದು ಗಿಡ ಕೂರಿಸಿ, ಪುಟ್ಟ ಮೋಟಾರಿನಿಂದ ಗೊಬ್ಬರದ ನೀರು ಹರಿಸುವುದು. ಜೂನ್ ಪೂರ್ತಿ ಚೆನ್ನಾಗಿತ್ತು. ಜುಲೈನಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋಯಿತು, ಬಂದದ್ದು ಮೂರನೇ ದಿನ. ಪೈಪಿನೊಳಗೆ ಹರಿಯುವುದು ತೆಳು ನೀರು. ಅದು ನಿಂತರೆ ಬೇರು ಒಣಗಿ ಹೋಗುತ್ತದೆ. ಹೊರಗೆ ಧೋ ಅಂತ ಮಳೆ, ಒಳಗೆ ನೀರಿಲ್ಲದೆ ಸತ್ತ 32 ಗಿಡ. ಆ ದಿನ ತುಂಬಾ ಬೇಜಾರಾಯಿತು.

ಆಮೇಲೆ ಗೊತ್ತಾಗಿದ್ದು ಕ್ರಾಟ್ಕಿ ವಿಧಾನ. ಹವಾಯಿ ವಿಶ್ವವಿದ್ಯಾಲಯದ ಬಿ.ಎ. ಕ್ರಾಟ್ಕಿ ಬೆಳೆಸಿದ ಪದ್ಧತಿ ಇದು. ಮೋಟಾರಿಲ್ಲ, ಗಾಳಿ ಊದುವ ಪಂಪಿಲ್ಲ. ಡಬ್ಬದಲ್ಲಿ ಗೊಬ್ಬರದ ನೀರು, ಮುಚ್ಚಳದ ತೂತಿನಲ್ಲಿ ಗಿಡ, ಅಷ್ಟೇ. ಕರೆಂಟ್ ನಂಬಲಾಗದ ಊರಿಗೆ ಇದಕ್ಕಿಂತ ಒಳ್ಳೆಯದು ನನಗಂತೂ ಕಂಡಿಲ್ಲ.

ಕರಾವಳಿಯಿಂದ ಮೀನು ಬರುವ ಥರ್ಮಾಕೋಲ್ ಪೆಟ್ಟಿಗೆ ತಂದೆ. ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಎರಡು ಸಲ ತೊಳೆದರೆ ವಾಸನೆ ಹೋಗುತ್ತದೆ. ಒಳಗೆ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಲೇಬೇಕು. ಥರ್ಮಾಕೋಲ್ ಬೆಳಕನ್ನು ಒಳಗೆ ಬಿಡುತ್ತದೆ, ಬೆಳಕು ಬಿದ್ದಲ್ಲಿ ಪಾಚಿ ಬರುತ್ತದೆ. ಒಂದು ಲೆಟ್ಯೂಸ್ ಗಿಡ ಕೊಯ್ಲಿಗೆ ಬರುವಷ್ಟರಲ್ಲಿ ಸುಮಾರು 4 ಲೀಟರ್ ನೀರು ಕುಡಿಯುತ್ತದೆ. ಹಾಗಾಗಿ 24 ಲೀಟರಿನ ಪೆಟ್ಟಿಗೆಗೆ ಆರೇ ಗಿಡ. ಪಾಲಕ್‌ಗೂ ಇದೇ ಲೆಕ್ಕ ಇಟ್ಟುಕೊಂಡಿದ್ದೇನೆ. ಸಸಿಯನ್ನು ತೆಂಗಿನ ನಾರಿನ ಪುಡಿಯಲ್ಲಿ ಎಬ್ಬಿಸಿ, ಎರಡು ವಾರದ ಮೇಲೆ ಜಾಲರಿಯಂತೆ ತೂತುಗಳಿರುವ ಪುಟ್ಟ ಪ್ಲಾಸ್ಟಿಕ್ ಕಪ್ಪಿಗೆ ಹಾಕಿ, ಮುಚ್ಚಳದ ತೂತಿನಲ್ಲಿ ಕೂರಿಸುತ್ತೇನೆ. ಶುರುವಿನಲ್ಲಿ ನೀರು ಕಪ್ಪಿನ ತಳಕ್ಕೆ ತಾಗಿರಬೇಕು.

ಮುಂದೆ ಮಾಡಬೇಕಾದ್ದು ಸುಮ್ನೆ ಇರುವುದು. ಅದೇ ನನಗೆ ಬಾರದೇ ಹೋಯಿತು. ಮೂರು ವಾರಕ್ಕೆ ನೀರು ಅರ್ಧಕ್ಕಿಳಿದಿತ್ತು. ಅಯ್ಯೋ ಕಡಿಮೆಯಾಯಿತಲ್ಲ ಅಂತ ಮತ್ತೆ ಕಂಠಮಟ್ಟ ತುಂಬಿಸಿದೆ. ಮರುದಿನ ಮಧ್ಯಾಹ್ನಕ್ಕೆ ಎಲೆಗಳು ಜೋತು ಬಿದ್ದಿದ್ದವು. ಮುಚ್ಚಳ ಎತ್ತಿ ಬೇರು ನೋಡಿದೆ. ಕೆಳಗಿನ ಬೇರು ನೂಲಿನ ಹಾಗೆ ಸಣ್ಣಗೆ, ಉದ್ದಕ್ಕಿದ್ದವು. ಮೇಲಿನವು ದಪ್ಪ, ಬಿಳಿ, ಮೈತುಂಬಾ ಬೂರುಗದ ಹತ್ತಿಯಂಥ ರೋಮ. ಈ ರೋಮದ ಬೇರುಗಳೇ ಗಾಳಿ ತೆಗೆದುಕೊಳ್ಳುವುದು. ನೀರು ಇಳಿದಂತೆಲ್ಲ ಆ ಖಾಲಿ ಜಾಗದಲ್ಲಿ ಅವು ಹುಟ್ಟುತ್ತವೆ. ನಾನು ಅವನ್ನೇ ಮುಳುಗಿಸಿ ಉಸಿರು ಕಟ್ಟಿಸಿದ್ದೆ. ಈಗ ಹಾಕಲೇಬೇಕಾಗಿ ಬಂದರೆ ತಳದಲ್ಲಿ ಎರಡು ಮೂರು ಬೆರಳು ನೀರು ಮಾತ್ರ ಹಾಕುತ್ತೇನೆ.

ಗೊಬ್ಬರ ಎ ಮತ್ತು ಬಿ ಅಂತ ಎರಡು ಭಾಗ ಬರುತ್ತದೆ. ಎರಡನ್ನೂ ನೀರು ಬೆರೆಸದೆ ಗಟ್ಟಿ ಇರುವಾಗಲೇ ಸೇರಿಸಬೇಡಿ. ಒಂದರಲ್ಲಿ ಕ್ಯಾಲ್ಸಿಯಂ ಇರುತ್ತದೆ, ಇನ್ನೊಂದರಲ್ಲಿ ಸಲ್ಫೇಟ್, ಫಾಸ್ಫೇಟ್. ಸೇರಿದರೆ ಸುಣ್ಣದ ಹಾಗೆ ತಳಕ್ಕೆ ಕೂರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ಪೆಟ್ಟಿಗೆಯ ನೀರಿಗೆ ಮೊದಲು ಒಂದು ಹಾಕಿ ಕಲಕಿ, ಆಮೇಲೆ ಇನ್ನೊಂದು. ನೀರಿನಲ್ಲಿ ಗೊಬ್ಬರ ಎಷ್ಟು ಕರಗಿದೆ ಅಂತ ತೋರಿಸುವ ಇಸಿ ಮೀಟರ್ ಇಟ್ಟುಕೊಂಡರೆ ಒಳ್ಳೆಯದು: mS/cm ಲೆಕ್ಕದಲ್ಲಿ ಲೆಟ್ಯೂಸಿಗೆ 1.2, ಪಾಲಕ್‌ಗೆ 1.8 ಹತ್ತಿರ ಇಟ್ಟುಕೊಳ್ಳುತ್ತೇನೆ. ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 5.5ರಿಂದ 6.5ರೊಳಗೆ.

ಸೂರಿನ ನೀರು ಪುಕ್ಕಟೆ ಸಿಗುತ್ತದಲ್ವಾ ಅಂತ ಮಳೆನೀರನ್ನೂ ಬಳಸಿದೆ. ಅದರಲ್ಲಿ ಲವಣವೇ ಇಲ್ಲದ ಕಾರಣ ಪಿಎಚ್ ಒಂದು ಕಡೆ ನಿಲ್ಲುವುದಿಲ್ಲ. ಈಗ ಅರ್ಧ ಬಾವಿ ನೀರು ಬೆರೆಸುತ್ತೇನೆ. ಪಿಎಚ್ ಇಳಿಸಲು ನಿಂಬೆಹುಳಿ ಹಿಂಡಿದ್ದೂ ಆಯಿತು. ಆದರೆ ಆ ಹುಳಿಯನ್ನು ನೀರಿನ ಬ್ಯಾಕ್ಟೀರಿಯಾ ತಿಂದುಬಿಡುತ್ತದೆ, ಪಿಎಚ್ ವಾಪಸ್ ಏರುತ್ತದೆ.

ಇಲ್ಲಿ ಕರೆಂಟಿಗಿಂತ ದೊಡ್ಡ ತಲೆನೋವು ಬೆಳಕು. ಆಷಾಢದಲ್ಲಿ ಹಗಲೂ ಮುಸ್ಸಂಜೆಯ ಹಾಗೇ ಇರುತ್ತದೆ. ಗಿಡ ಬೆಳಕು ಹುಡುಕಿ ಕಡ್ಡಿಯಂತೆ ಉದ್ದ ಹೋಗುತ್ತದೆ. ಜಗಲಿಯ ಮಾಡಿನಲ್ಲಿ ನಾಲ್ಕು ಹೆಂಚು ತೆಗೆದು ಗಾಜಿನ ಹೆಂಚು ಹಾಕಿಸಿದೆ. ಜೊತೆಗೆ ಗಿಡದ ಮೇಲೆ ಒಂದಡಿ ಎತ್ತರಕ್ಕೆ ಬಿಳಿ ಎಲ್‌ಇಡಿ ಟ್ಯೂಬ್. ಎರಡು ದಿನ ಟ್ಯೂಬ್ ಉರಿಯದಿದ್ದರೂ ಗಿಡ ಸಾಯುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ.

ಸೊಳ್ಳೆ ವಿಷಯ ಮಾತ್ರ ಹಗುರವಾಗಿ ತಗೋಬೇಡಿ. ನಿಂತ ನೀರು, ಡೆಂಗಿ ಕಾಲ. ಕಪ್ಪಿನ ಸುತ್ತ ಸಂದು ಇಲ್ಲದಂತೆ ಬಟ್ಟೆ ತುರುಕುತ್ತೇನೆ. ಗಿಡವಿಲ್ಲದ ತೂತು ಒಂದೂ ತೆರೆದಿರಬಾರದು.

"ಮಣ್ಣೇ ಕಾಣದ ಸೊಪ್ಪಿಗೆ ರುಚಿ ಎಲ್ಲಿಂದ ಬರ್ಬೇಕು?" ಅಂತಿದ್ದರು ಅತ್ತೆ. ಮೊದಲ ಕೊಯ್ಲಿನ ಪಾಲಕ್ ಅವರೇ ತಂಬುಳಿ ಮಾಡಿದರು. ಏನೂ ಹೇಳಲಿಲ್ಲ. ಮರುವಾರ ಮೀನಿನ ಅಂಗಡಿಯಿಂದ ಇನ್ನೆರಡು ಪೆಟ್ಟಿಗೆ ಹೇಳಿ ತರಿಸಿದ್ದರು. ಕೊಯ್ಲಾದ ಮೇಲೆ ಉಳಿದ ನೀರು ಈಗ ಅವರ ಮಲ್ಲಿಗೆ ಗಿಡಕ್ಕೆ ಹೋಗುತ್ತದೆ.